ಬತ್ತಿ ಹಚ್ಚಿದ್ದೆಯಾ?

ಬೀದಿಯಲ್ಲಿ ಎಲ್ಲರೂ ಅವರನ್ನು ಪೈಲಟ್ ಎಂದೇ ಕರೆಯುತ್ತಿದ್ದರು. ಅವರು ಒಂದು ದಿನವೂ ವಿಮಾನ ಹಾರಿಸಿದವರಲ್ಲ. ಅವರದು ಕನ್ನಡಕದ ಅಂಗಡಿ. ಮುರಿದ ಕಡ್ಡಿ ಜೋಡಿಸುವುದು, ಸಡಿಲವಾದ ಸ್ಕ್ರೂ ಬಿಗಿ ಮಾಡುವುದು, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲೇ ಉಳಿಯಬೇಕಾದಷ್ಟು ಚಿಕ್ಕ ಅಂಗಡಿ.

ತಮಾಷೆಯೆಂದರೆ ಈ ಪೈಲಟ್ ಆಕಾಶ ನೋಡುತ್ತಿರಲಿಲ್ಲ. ತಲೆಯ ಮೇಲೆ ಹಳೇ ಕಾಲದ ವಿಮಾನವೊಂದು ಗುಡುಗುಡು ಎನ್ನುತ್ತ ಹೋದರೆ ಬೀದಿಗೆ ಬೀದಿಯೇ ಕತ್ತೆತ್ತುತ್ತಿತ್ತು. ಇವರು ಮಾತ್ರ ತಗ್ಗಿಸಿದ ತಲೆ ಎತ್ತದೆ, "ಎರಡು ಎಂಜಿನ್ನು. ಎಡಗಡೇದು ಸ್ವಲ್ಪ ಕೆಮ್ತಾ ಇದೆ" ಅನ್ನುತ್ತಿದ್ದರು.

"ಒಂದ್ಸಲ ಮೇಲೆ ನೋಡಿ ಸ್ವಾಮಿ," ಎಂದು ಪಕ್ಕದ ಚಪ್ಪಲಿ ಅಂಗಡಿಯವನು ಕಿಚಾಯಿಸುತ್ತಿದ್ದ. "ನೆಲ ನೋಡ್ಕೊಂಡು ಓಡಾಡೋ ಪೈಲಟ್ಟನ್ನ ನಾನಂತೂ ಎಲ್ಲೂ ಕಂಡಿಲ್ಲ."

"ನೆಲದಲ್ಲೇ ನೋಡೋಕೆ ಬೇಕಾದಷ್ಟಿದೆ ಬಿಡಪ್ಪ."

ಅವನಿಗೆ ಅದು ಬರೀ ಮಾತಿಗೆ ಮಾತು. ಹೇಳಿದವರಿಗೆ ಅಲ್ಲ.

ಅಂಗಡಿಯ ಹಿಂದೆಯೇ ಮನೆ. ನಡುಮನೆಗೆ ಕಾಲಿಟ್ಟರೆ ತಲೆಗೆ ತಾಕುವಷ್ಟು ಕೆಳಗೆ, ಸೂರಿನ ತುಂಬ ದಾರದಲ್ಲಿ ತೂಗುಹಾಕಿದ ಮಾದರಿ ವಿಮಾನಗಳು. ಬೇರೆಬೇರೆಯಲ್ಲ, ಎಲ್ಲವೂ ಒಂದೇ. ಒಂದರ ಮೇಲೊಂದು ಎರಡು ರೆಕ್ಕೆ, ಹಿಂದೊಂದು ಮುಂದೊಂದು ತೆರೆದ ಆಸನ, ಮರದ ಪ್ರೊಪೆಲ್ಲರ್. ಎಲ್ಲದರ ಎಡಗಡೆಯ ಕೆಳರೆಕ್ಕೆಯಲ್ಲೂ ಬೆರಳಗಲದ ಒಂದು ತೇಪೆ. ಎಲ್ಲದರ ಬಾಲದಲ್ಲೂ ನೂಲಿನ ಒಂದು ತುಂಡು ಬತ್ತಿ, ಹಚ್ಚಲು ಸಿದ್ಧವಾಗಿ. ಒಂದನ್ನೂ ಅವರು ಹಾರಿಸಿರಲಿಲ್ಲ.

ಅವರ ಹೆಂಡತಿ ಈ ಮನೆಗೆ ಬಂದಾಗ ಮೂರು ಇದ್ದವಂತೆ. ಆಮೇಲೆ ಆಕೆ ಎಣಿಸುವುದನ್ನು ಬಿಟ್ಟರು. ಫ್ಯಾನು ಹಾಕಿದರೆ ಅಷ್ಟೂ ಪ್ರೊಪೆಲ್ಲರುಗಳು ಒಟ್ಟಿಗೆ ಕಿರ್ರನೆ ತಿರುಗತೊಡಗುತ್ತಿದ್ದವು. ಆ ಸದ್ದಿಗೆ ಪೈಲಟ್ಟರ ಮುಖ ಗೋಡೆಯ ಸುಣ್ಣದಂತಾಗುತ್ತಿತ್ತು. ಎಂಥ ಬೇಸಿಗೆಯಲ್ಲೂ ಆ ಕೋಣೆಯ ಫ್ಯಾನು ನಿಂತೇ ಇರುತ್ತಿತ್ತು.

"ಈ ಮನೇಲಿ ಗಾಳೀನೂ ಇವರ ಅಪ್ಪಣೆ ಕೇಳಿ ಒಳಗೆ ಬರಬೇಕು," ಎಂದು ಆಕೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಬಂದವರಿಗೆಲ್ಲ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ನಗು ಮಾತ್ರ ಕೊನೆಯವರೆಗೆ ಬರುತ್ತಿರಲಿಲ್ಲ.

ಪೈಲಟ್ಟರ ಹರೆಯದ ದಿನಗಳಲ್ಲಿ ಊರಾಚೆ ಒಂದು ಹಳೆಯ ವಿಮಾನ ಮೈದಾನವಿತ್ತು. ಹಾರಾಟದ ಸಂಘವೊಂದು ಅದನ್ನು ನಡೆಸುತ್ತಿತ್ತು. ಸಂಘದಲ್ಲಿ ದುಡ್ಡಿದ್ದವರು ಹಾರಾಟ ಕಲಿಯುತ್ತಿದ್ದರು, ಇಲ್ಲದವರು ಬೇಲಿಗೆ ಒರಗಿ ನಿಲ್ಲುತ್ತಿದ್ದರು. ಪೈಲಟ್ ಮತ್ತು ಅವರ ತಮ್ಮ ಬೇಲಿಯ ಗಿರಾಕಿಗಳು. ಕಡೆಕಡೆಗೆ ಎಂಜಿನ್ ಫಿಟ್ಟರಿಗೆ ಇವರ ಮೇಲೆ ಕನಿಕರ ಬಂತೋ, ನೋಡಿ ನೋಡಿ ಸಾಕಾಯಿತೋ, ಒಳಗೆ ಬಿಟ್ಟುಕೊಂಡರು.

ಆ ವಿಮಾನಗಳ ವಿಷಯಕ್ಕೆ ಬಂದರೆ ಪೈಲಟ್ಟರ ನಾಲಿಗೆಗೆ ಬೇರೆಯದೇ ಜೀವ. ಹ್ಯಾಂಗರ್ ಎಂಬ ಆ ದೊಡ್ಡ ತಗಡಿನ ಕೊಟ್ಟಿಗೆಯ ಹಿಂದೆ, ಹುಲ್ಲಿನಲ್ಲಿ, ಸಾಮಾನು ಸಾಗಿಸುವ ಹಳೆಯ ವಿಮಾನವೊಂದು ಕೂತಿತ್ತಂತೆ. ಎರಡೂ ಎಂಜಿನ್ ಕಿತ್ತಿದ್ದರು. ಬಾಲ ನೆಲಕ್ಕೆ, ಮೂತಿ ಆಕಾಶಕ್ಕೆ. ಬಾಲದ ಬಳಿಯ ಬಾಗಿಲಿನಿಂದ ಹೊಕ್ಕರೆ ಚಾಲಕನ ಕೋಣೆಗೆ ಗುಡ್ಡ ಹತ್ತಿದ ಹಾಗೆ ಹತ್ತಬೇಕು. ಒಳಗೆ ಬಿಸಿಲಿಗೆ ಕಾದ ರಬ್ಬರಿನ, ಹಳೆ ಎಣ್ಣೆಯ, ಗುಬ್ಬಚ್ಚಿ ಗೂಡಿನ ವಾಸನೆ. ಆದರೆ ಅಣ್ಣ ತಮ್ಮ ಮನಸೋತದ್ದು ಅದಕ್ಕಲ್ಲ, ಹ್ಯಾಂಗರಿನೊಳಗಿದ್ದ ಎರಡು ರೆಕ್ಕೆಯ ತರಬೇತಿ ವಿಮಾನಕ್ಕೆ. ಮರದ ಹಂದರ, ಅದರ ಮೇಲೆ ಬಿಗಿದ ಬಟ್ಟೆ, ಬಟ್ಟೆ ನಗಾರಿಯಂತೆ ಸೆಟೆಯಲು ಬಳಿದ ಅಂಟುಬಣ್ಣ. ಬಳಿದ ದಿನ ಹ್ಯಾಂಗರಿಗೆ ಹ್ಯಾಂಗರೇ ಕಳಿತ ಬಾಳೆಹಣ್ಣಿನಂತೆ ಘಮ್ಮೆನ್ನುತ್ತಿತ್ತು. ಫಿಟ್ಟರು ಪ್ರೊಪೆಲ್ಲರನ್ನು ಕೈಯಲ್ಲಿ ಜಗ್ಗಿ ತಿರುಗಿಸಬೇಕು. ಎಂಜಿನ್ ಎರಡು ಸಲ ಸೀನಿ, ಮೂರನೇ ಸಲಕ್ಕೆ ಹಿಡಿದುಕೊಳ್ಳುತ್ತಿತ್ತು. ಹಿಡಿದುಕೊಂಡಾಗ ರೆಕ್ಕೆಯ ತುದಿಯವರೆಗೂ ಒಂದು ನಡುಕ ಹರಿಯುತ್ತಿತ್ತಲ್ಲ, ಅದನ್ನು ತಮ್ಮ ಅಂಗೈಯಿಟ್ಟು ನೋಡುತ್ತಿದ್ದ.

ಅದರ ಅಳತೆಯನ್ನು ಅವರು ತೆಗೆದದ್ದು ಅಮ್ಮನ ಹೊಲಿಗೆ ಟೇಪಿನಲ್ಲಿ. ಟೇಪಿಗೆ ಎಣ್ಣೆ ಮೆತ್ತಿಕೊಂಡು ಬಂದಾಗ ಅಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದರು: "ನಿಮ್ಮ ವಿಮಾನಕ್ಕೇನು ಚಡ್ಡಿ ಹೊಲಿಸ್ತೀರೇನ್ರೋ?"

ಆ ಅಳತೆ ಕುಗ್ಗಿಸಿ, ಬಾಲ್ಸಾ ಎಂಬ ಹೂವಿನಂಥ ಹಗುರ ಮರ ಕೊಯ್ದು, ತೆಳುಕಾಗದ ಹೊದಿಸಿ ಅವರೊಂದು ವಿಮಾನ ಕಟ್ಟಿದರು. ಹೊಟ್ಟೆಯೊಳಗೆ ಮೂತಿಯಿಂದ ಬಾಲದವರೆಗೆ ರಬ್ಬರಿನ ಎಳೆ. ಅದನ್ನು ಚೆನ್ನಾಗಿ ಹುರಿ ಮಾಡಿ ಬಿಟ್ಟರೆ ಪ್ರೊಪೆಲ್ಲರ್ ತಿರುಗಿ ವಿಮಾನ ತಾನೇ ಮೇಲೇರುತ್ತದೆ. ದಾರವಿಲ್ಲ, ರೇಡಿಯೋ ಇಲ್ಲ. ಕೈಬಿಟ್ಟ ಮೇಲೆ ಅದು ಗಾಳಿಯ ಪಾಲು. ನಿಜವಾದ ವಿಮಾನದ ರೆಕ್ಕೆಯಲ್ಲಿ ಹರಿದ ಜಾಗಕ್ಕೆ ಹಾಕಿದ ತೇಪೆಯನ್ನೂ ತಮ್ಮ ಬಿಡಲಿಲ್ಲ, ಮಾದರಿಗೂ ಅಂಟಿಸಿದ. ಹೊಟ್ಟೆಯ ಮೇಲೊಂದು ಚೀಟಿ ಅಂಟಿಸಿ ಮನೆಯ ವಿಳಾಸ ಬರೆದ. "ಸಿಕ್ಕಿದವರು ದಯವಿಟ್ಟು ತಂದುಕೊಡಿ. ಚಹಾ ಕೊಡುತ್ತೇವೆ."

"ಚಹಾ ಯಾಕೋ?" ಅಂದಿದ್ದರು ಅಣ್ಣ.

"ಬರೀ ದಯವಿಟ್ಟು ಅಂದ್ರೆ ಯಾರು ಬರ್ತಾರಣ್ಣ?"

ಇಂಥ ವಿಮಾನ ಬಿಸಿಗಾಳಿಯ ಸುಳಿಗೆ ಸಿಕ್ಕರೆ ಇಳಿಯುವುದೇ ಇಲ್ಲ. ಏರುತ್ತ ಏರುತ್ತ ಚುಕ್ಕೆಯಾಗಿ ಮಾಯವಾಗುತ್ತದೆ. ಅದಕ್ಕೇ ಬಾಲದಲ್ಲಿ ಬತ್ತಿ. ಪಟಾಕಿಗೆ ಹಾಕುವ ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ನೂಲಿನ ಬತ್ತಿ, ಉರಿಯದೆ ಸುಮ್ಮನೆ ಕೆಂಡವಾಗಿ ಸವೆಯುತ್ತದೆ. ಬಿಡುವ ಮುಂಚೆ ಅದರ ತುದಿಗೆ ಕಿಡಿ ತಾಕಿಸಬೇಕು. ಸ್ವಲ್ಪ ಹೊತ್ತಿಗೆ ಕೆಂಡ ಬಾಲವನ್ನು ಕೆಳಗೆ ಬಿಗಿದಿಟ್ಟ ರಬ್ಬರ್ ಬಳೆಯನ್ನು ಸುಟ್ಟು ತುಂಡರಿಸುತ್ತದೆ, ಅಡಿಯ ಸ್ಪ್ರಿಂಗು ಒತ್ತಿ ಬಾಲ ಟಪ್ಪನೆ ಮೇಲೇಳುತ್ತದೆ, ವಿಮಾನ ಹಾರಾಟ ಮರೆತು ತರಗೆಲೆಯಂತೆ ಇಳಿಯುತ್ತದೆ. ಬತ್ತಿಯ ಬುಡ ಒಂದು ಪುಟ್ಟ ಲೋಹದ ನಳಿಕೆಯೊಳಗೆ. ಕೆಂಡ ಅಲ್ಲಿಗೆ ಬಂದು ತಾನೇ ಆರುತ್ತದೆ, ಇಲ್ಲದಿದ್ದರೆ ಇಳಿದಲ್ಲಿ ಹುಲ್ಲಿಗೆ ಬೆಂಕಿ.

ಈ ಆಟ ಒಬ್ಬರಿಂದ ಆಗುವುದಲ್ಲ. ಬಿಡುವವನೊಬ್ಬ, ಬೆನ್ನಟ್ಟುವವನೊಬ್ಬ. ಕಣ್ಣು ಚುರುಕಾಗಿದ್ದ ತಮ್ಮ ಬೆನ್ನಟ್ಟುತ್ತಿದ್ದ. ಬೆನ್ನಟ್ಟುವವನಿಗೆ ಇರುವುದು ಒಂದೇ ಕಟ್ಟಳೆ: ವಿಮಾನದಿಂದ ಕಣ್ಣು ತೆಗೆಯಬಾರದು. ಒಂದು ಸಲ ಕೆಳಗೆ ನೋಡಿದೆಯೋ, ಮತ್ತೆ ಆ ಚುಕ್ಕೆ ಸಿಗುವುದಿಲ್ಲ.

ಅದೊಂದು ಸಂಜೆ, ಗಾಳಿ ಬಿದ್ದ ಮೇಲೆ, ತಮ್ಮ ಮೈದಾನದ ನಡುವೆ ಹೋಗಿ ನಿಂತು ಕೈಯೆತ್ತಿ "ರೆಡಿ ಅಣ್ಣಾ!" ಎಂದು ಕೂಗಿದ. ಅಣ್ಣ ಬಿಟ್ಟರು. ವಿಮಾನ ಏರಿತು, ಅಗಲವಾಗಿ ಸುತ್ತಿತು, ಹ್ಯಾಂಗರಿನ ಕಡೆ ವಾಲಿತು. ತಮ್ಮ ಕತ್ತೆತ್ತಿ ಓಡಿದ. ವಿಮಾನ ಹ್ಯಾಂಗರಿನ ಹಿಂದೆ ಮರೆಯಾಯಿತು, ತಮ್ಮನೂ ಮರೆಯಾದ.

ಇವರು ಹುಲ್ಲಿನಲ್ಲಿ ಕೂತು ಕಾದರು. ಪೆಟ್ಟಿಗೆಯಲ್ಲಿ ಸಾಮಾನು ಜೋಡಿಸಿದರು. ಎಲ್ಲಿ ಹಾಳಾಗಿ ಹೋದ ಎಂದು ಬೈದುಕೊಂಡರು ಕೂಡ. ಅವರು ಬೈಯುತ್ತಿದ್ದಾಗ ಅವನು ಹ್ಯಾಂಗರಿನ ಮಗ್ಗುಲಲ್ಲಿ, ಪೆಟ್ರೋಲ್ ಟ್ಯಾಂಕು ತೆಗೆದ ಹಳೆಯ ಸಿಮೆಂಟಿನ ಗುಂಡಿಯ ತಳದಲ್ಲಿ ಜೀವ ಹೋಗಿ ಬಿದ್ದಿದ್ದ. ಗುಂಡಿಗೆ ಕಬ್ಬಿಣದ ಮುಚ್ಚಳವಿತ್ತು. ಆ ದಿನ ಮುಚ್ಚಳ ಗೋಡೆಗೆ ಒರಗಿ ನಿಂತಿತ್ತು.

ಸುದ್ದಿ ತಿಳಿದು ಸಂಘದ ಮೇಲಧಿಕಾರಿ ಬಂದರು. ತಮ್ಮನನ್ನು ಇನ್ನೂ ಮೇಲೆತ್ತಿರಲಿಲ್ಲ, ಹಗ್ಗ ಹುಡುಕುತ್ತಿದ್ದರು. ಅಧಿಕಾರಿ ಒಮ್ಮೆ ಗುಂಡಿ ನೋಡಿದರು, ಒಮ್ಮೆ ಮುಚ್ಚಳ ನೋಡಿದರು, ಆಮೇಲೆ ಅಣ್ಣನ ಕಡೆ ತಿರುಗಿದರು.

"ಬತ್ತಿ ಹಚ್ಚಿದ್ದೆಯಾ?"

ಒಂದು ಪ್ರಶ್ನೆ ಎಷ್ಟು ಕೆಲಸ ಮಾಡಿಕೊಡುತ್ತದೆ ನೋಡಿ. ಬೆಳಗ್ಗೆ ಬಾಗಿಲಿಗೆ ಬೀಗ ಹಾಕಿದಿರಾ ಎಂದು ನಿಮ್ಮನ್ನು ಯಾರಾದರೂ ಗದರಿಸಿ ಕೇಳಲಿ, ಗ್ಯಾಸು ಆರಿಸಿದಿರಾ ಎಂದು ಕೇಳಲಿ. ಹಾಕಿದ್ದು ನೆನಪಿರುತ್ತದೆಯೇ? ಕೈ ಸಾವಿರ ಸಲ ಮಾಡಿದ ಕೆಲಸವನ್ನು ತಲೆ ಬರೆದಿಟ್ಟುಕೊಳ್ಳುವುದಿಲ್ಲ. ತಮ್ಮ ಗುಂಡಿಯಲ್ಲಿ ಬಿದ್ದಿರುವಾಗ ಆ ಮನುಷ್ಯ ತನ್ನೊಳಗೆ ಹುಡುಕಿದರು. ಕಿಡಿ ಸಿಗಲಿಲ್ಲ, ಹೊಗೆ ಸಿಗಲಿಲ್ಲ. "ಇಲ್ಲ ಅನ್ಸುತ್ತೆ... ಮರೆತೆ ಅನ್ಸುತ್ತೆ" ಅಂದರು.

ಅಷ್ಟೇ ಸಾಕಾಯಿತು. ಬತ್ತಿ ಹಚ್ಚಿದ್ದರೆ ವಿಮಾನ ಮೈದಾನದ ನಡುವೆಯೇ ಇಳಿಯುತ್ತಿತ್ತು, ಹುಡುಗ ಗುಂಡಿಯ ಕಡೆ ಓಡುತ್ತಲೇ ಇರಲಿಲ್ಲ ಎಂದು ತೀರ್ಮಾನವಾಯಿತು. ಅಣ್ಣನ ಮರೆವು. ಮುಚ್ಚಳದ ಸುದ್ದಿ ಎತ್ತಿದವರಿಲ್ಲ. ಅಮ್ಮ ಬದುಕಿದ್ದಷ್ಟು ದಿನ ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆ ಟೇಪನ್ನು ಮಾತ್ರ ಮತ್ತೆ ಮುಟ್ಟಲಿಲ್ಲ.

ವಿಮಾನವೂ ಸಿಗಲಿಲ್ಲ. ಹುಡುಕದ ಪೊದೆಯಿಲ್ಲ. ಬತ್ತಿ ಹಚ್ಚಿರಲಿಲ್ಲವಲ್ಲ, ಮೋಡದಾಚೆ ಹೋಗಿರಬೇಕು ಎಂದು ಎಲ್ಲರೂ ಅಂದರು. ಅದೂ ಒಂದು ಸಾಕ್ಷಿಯೇ ಆಯಿತು.

ಅಂದಿನಿಂದ ಅವರಿಗೆ ಬೇಕಾದದ್ದು ಒಂದೇ: ಆ ವಿಮಾನ ಸಿಗಬೇಕು, ಅದರ ನಳಿಕೆಯೊಳಗೆ ನೋಡಬೇಕು. ಹಚ್ಚಿದ್ದರೆ ಒಳಗೆ ಕರಿಯಾದ ಮೋಟು. ಹಚ್ಚದಿದ್ದರೆ ಬತ್ತಿ ಇದ್ದ ಹಾಗೇ. ಅಂಗಡಿಯಲ್ಲಿ ಗಾಜು ಉಜ್ಜುವಾಗ ಬೆನ್ನ ಹಿಂದೆ "ರೆಡಿ ಅಣ್ಣಾ!" ಎಂದು ಕೇಳುತ್ತಿತ್ತಂತೆ. ಕೇಳಿದ ಕೂಡಲೇ ಬಲಗೈ ತಾನಾಗಿ ಜೇಬಿನ ಬೆಂಕಿಪೊಟ್ಟಣಕ್ಕೆ ಹೋಗುತ್ತಿತ್ತು. ಬೀಡಿ ಸಿಗರೇಟು ಸೇದದ ಮನುಷ್ಯನ ಜೇಬಿನಲ್ಲಿ ಸದಾ ಬೆಂಕಿಪೊಟ್ಟಣ ಯಾಕೆ ಎಂದು ಚಪ್ಪಲಿ ಅಂಗಡಿಯವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಇಷ್ಟರಲ್ಲಿ ರಸ್ತೆ ಅಗಲ ಮಾಡುವ ಯೋಜನೆ ಬಂತು. ಸಾಲಿಗೆ ಸಾಲೇ ಮನೆ ಬಿಡಬೇಕು, ಬದಲಿಗೆ ಹೊಸ ಬಡಾವಣೆಯಲ್ಲಿ ಮನೆ. ಎಲ್ಲರೂ ಒಪ್ಪಿದರು. ಪೈಲಟ್ ಒಪ್ಪಲಿಲ್ಲ.

"ಅಲ್ರೀ, ಅಲ್ಲಿ ನೀರು ಬರುತ್ತೆ, ಬೆಳಕು ಬರುತ್ತೆ. ಇಲ್ಲಿ ಗೋಡೆ ಒರಗಿದ್ರೆ ಸುಣ್ಣ ಬೆನ್ನಿಗೆ ಬರುತ್ತೆ," ಎಂದರು ಹೆಂಡತಿ.

"ವಿಳಾಸ ಇದೇ ಇರೋದು."

"ಮೂವತ್ತು ವರ್ಷದ ಮೇಲಾಯ್ತು ಕಣ್ರೀ. ಕಾಗದದ್ದು, ಪುಳ್ಳೆ ಕಡ್ಡೀದು. ಇನ್ನೆಲ್ಲಿಂದ ಬರುತ್ತೆ?"

"ಬಂದ್ರೆ?"

ಆಕೆ ಕೇಳಿದರು. "ಬಂದು, ಬತ್ತಿ ಹಾಗೇ ಇದ್ರೆ ಏನ್ಮಾಡ್ತೀರಿ?"

ಅಷ್ಟು ವರ್ಷ ಕಾದವರು ಅದನ್ನು ಯೋಚಿಸಿರಲಿಲ್ಲವೆಂದಲ್ಲ. ದಿನಾ ಯೋಚಿಸಿದ್ದರು.

ಅಕ್ಕಪಕ್ಕದ ಮನೆಗಳು ಖಾಲಿಯಾಗಿ, ಚಪ್ಪಲಿ ಅಂಗಡಿಯ ಗೋಡೆಯೂ ಬಿದ್ದು, ಬೀದಿಯಲ್ಲಿ ಇವರದೊಂದೇ ಮನೆ ಹಲ್ಲಿಲ್ಲದ ಬಾಯಲ್ಲಿ ಉಳಿದ ಕೋರೆಯಂತೆ ನಿಂತಿದ್ದಾಗ, ಒಂದು ಮಧ್ಯಾಹ್ನ ಮೈಯೆಲ್ಲ ಧೂಳಾದ ಒಬ್ಬ ಮೇಸ್ತ್ರಿ ಬಾಗಿಲಿಗೆ ಬಂದ. ತೋಳಿನಲ್ಲಿ ಗೋಣಿಚೀಲದಲ್ಲಿ ಸುತ್ತಿದ ಏನೋ ಇತ್ತು, ಮಗುವನ್ನು ಹಿಡಿದ ಹಾಗೆ ಹಿಡಿದಿದ್ದ.

"ಟೀ ಕೊಡ್ತೀವಿ ಅಂತ ಬರ್ದಿದೀರಲ್ಲ ಯಜಮಾನ್ರೆ," ಎಂದ, "ಅದಕ್ಕೇ ಬಂದೆ."

ಹೆಂಡತಿಯೇ ಮುಂದೆ ಬಂದು ಚೀಲ ಬಿಡಿಸಿದರು.

ಹಳೆ ಹ್ಯಾಂಗರನ್ನು ಕೆಡವುತ್ತಿದ್ದರಂತೆ. ಮಾಡಿನ ಕಬ್ಬಿಣದ ತೊಲೆಗಳ ಸಂದಿಯಲ್ಲಿ, ಎತ್ತರದ ಕಿಂಡಿಯ ಪಕ್ಕದಲ್ಲೇ ಇದು ಸಿಕ್ಕಿಕೊಂಡಿತ್ತು. ಕಿಂಡಿಯಿಂದ ಒಳನುಗ್ಗಿ ಅಲ್ಲೇ ಕೂತಿರಬೇಕು. ಕಾಗದವೆಲ್ಲ ಹೋಗಿ ಹಂದರ ಮಾತ್ರ ಉಳಿದಿತ್ತು. ಒಂದು ಮೇಲ್ರೆಕ್ಕೆ ಇರಲಿಲ್ಲ. ಪಾರಿವಾಳದ ಹಿಕ್ಕೆ ಮೆತ್ತಿಕೊಂಡ ಎಡ ಕೆಳರೆಕ್ಕೆಯಲ್ಲಿ ಎರಡು ಪದರದ ತೇಪೆ ಮಾತ್ರ ಗಟ್ಟಿಯಾಗಿ ಕೂತಿತ್ತು. ಹೊಟ್ಟೆಯ ಕಡ್ಡಿಗಳಿಗೆ ಅಂಟಿಕೊಂಡೇ ಉಳಿದ ಚೀಟಿಯಲ್ಲಿ ವಿಳಾಸ. ತಮ್ಮನ ಗುಂಡಗುಂಡಗಿನ ಅಕ್ಷರ.

ಬಾಲ ಮೇಲೆದ್ದಿತ್ತು.

"ರೀ, ಬಾಲ ಎದ್ದಿದೆ!" ಎಂದರು ಹೆಂಡತಿ. ಅಷ್ಟು ವರ್ಷ ಅದೇ ಮಾತು ಕೇಳುತ್ತ ಅವರಿಗೂ ಎಲ್ಲ ಗೊತ್ತಾಗಿತ್ತು.

"ಅದು ಸಾಕ್ಷಿ ಅಲ್ಲ." ಪೈಲಟ್ಟರ ದನಿ ಎಲ್ಲಿಂದಲೋ ಬಂದಂತಿತ್ತು. "ಇಷ್ಟು ವರ್ಷಕ್ಕೆ ರಬ್ಬರು ತಾನೇ ಪುಡಿಯಾಗಿ ಉದುರುತ್ತೆ. ಆಗಲೂ ಬಾಲ ಏಳುತ್ತೆ."

ಮೇಸ್ತ್ರಿ ಇಬ್ಬರನ್ನೂ ನೋಡಿದ. ಇವರಿಗೆ ಸಂತೋಷವಾಗಿದೆಯೋ ದುಃಖವಾಗಿದೆಯೋ ಅವನಿಗೆ ತಿಳಿಯಲಿಲ್ಲ.

ಪೈಲಟ್ ಅದನ್ನು ಅಂಗಡಿಯ ಮೇಜಿಗೆ ಒಯ್ದು ದೀಪ ಹತ್ತಿರ ಎಳೆದುಕೊಂಡರು. ಗಾಜು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಕಚ್ಚಿಸಿಕೊಂಡರು. ಕೂದಲೆಳೆಯಷ್ಟು ಸ್ಕ್ರೂ ಕೂರಿಸುವ ಕೈ ಅದು. ಚಿಮಟದಿಂದ ನಳಿಕೆಯ ಬಾಯಿಗೆ ಕಟ್ಟಿದ್ದ ಜೇಡರ ಬಲೆ ತೆಗೆದರು. ಒಳಗಿದ್ದದ್ದನ್ನು ಮೆಲ್ಲಗೆ ಹಿಡಿದೆಳೆದು ಬಿಳಿ ಬಟ್ಟೆಯ ಮೇಲಿಟ್ಟರು.

ಅರ್ಧ ಉಗುರಿನಷ್ಟು ಮೋಟು. ಒಂದು ತುದಿ ನೂಲಿನ ಬಣ್ಣ. ಇನ್ನೊಂದು ತುದಿ ಕರಿ. ಬಟ್ಟೆಯ ಮೇಲೆ ಮಸಿಯ ಒಂದು ಗೆರೆ ಎಳೆದುಕೊಂಡಿತ್ತು.

ಕೊನೆಗೆ ಮೇಸ್ತ್ರಿಯೇ ಕೆಮ್ಮಿ, "ಟೀ ಇಲ್ಲದಿದ್ರೂ ಪರವಾಗಿಲ್ಲ" ಅಂದ.

"ಕೂತ್ಕೊಳಪ್ಪ," ಎಂದು ಹೆಂಡತಿ ಒಳಗೆ ಓಡಿದರು. ಸ್ಟವ್ ಮುಂದೆ ನಿಂತು ಆಕೆ ಅತ್ತದ್ದು ಹೊರಗೆ ಕೇಳುತ್ತಿತ್ತು.

ಹಚ್ಚಿದ್ದರು. ಕೈ ಮರೆತಿರಲಿಲ್ಲ. ವಿಮಾನ ಇಳಿಯಬೇಕಾದ ಹೊತ್ತಿಗೆ ಇಳಿದಿತ್ತು. ತಮ್ಮ ನೋಡಬೇಕಾದ ಕಡೆಯೇ ನೋಡುತ್ತ, ಅದು ಇಳಿಯುವ ಕಡೆಗೇ ಓಡಿದ್ದ. ಅಣ್ಣ ತಮ್ಮ ಇಬ್ಬರೂ ಆ ಸಂಜೆ ಒಂದೇ ಒಂದು ತಪ್ಪು ಮಾಡಿರಲಿಲ್ಲ.

ಇದನ್ನು ಕೇಳಿದವರು ಪೈಲಟ್ಟರಿಗೆ ಎದೆ ಹಗುರಾಯಿತೆಂದು ತಿಳಿದರು. ಆಗಲಿಲ್ಲ. "ರೆಡಿ ಅಣ್ಣಾ" ಎಂಬ ದನಿ ಅಂದಿನಿಂದ ನಿಂತುಹೋಯಿತಂತೆ. ಅಷ್ಟು ವರ್ಷ ತಪ್ಪಿನ ದಾರದಲ್ಲಿ ಕಟ್ಟಿಹಾಕಿಕೊಂಡಿದ್ದ ತಮ್ಮ ದಾರ ಕಳಚಿದ್ದೇ ಹೊರಟುಹೋದ. ಅವರು ಬೆಳಗ್ಗೆಯೆಲ್ಲ ಅಂಗಡಿಯಲ್ಲಿ ಕಿವಿಗೊಟ್ಟು ಕೂತರು. ಏನೂ ಕೇಳಲಿಲ್ಲ. ಆ ನಿಶ್ಶಬ್ದದಲ್ಲಿ, ಮೊದಲ ಸಲ, ಗೋಡೆಗೆ ಒರಗಿದ್ದ ಮುಚ್ಚಳ ಕಣ್ಣ ಮುಂದೆ ಬಂತು.

ಮೇಲಧಿಕಾರಿ ಇನ್ನೂ ಬದುಕಿದ್ದರು. ಹಣ್ಣಾದ ಮುದುಕ, ಕಿವಿ ಚುರುಕು. ಗಂಡ ಹೆಂಡತಿ ಇಬ್ಬರೂ ಅವರ ಮನೆಗೆ ಹೋದರು, ಗೋಣಿಚೀಲದಲ್ಲಿ ವಿಮಾನ. ಜಗಲಿಯ ಕುರ್ಚಿಯ ಹಿಂದೆ ಗೋಡೆಯ ತುಂಬ ಫೋಟೋ. ಎಲ್ಲದರಲ್ಲೂ ಅವರು, ಆ ಎರಡು ರೆಕ್ಕೆಯ ವಿಮಾನದ ಮೇಲೆ ಕೈಯಿಟ್ಟುಕೊಂಡು.

"ಓಹೋ, ಎಷ್ಟು ಹಳೇದಪ್ಪ! ಇದು ನಮ್ಮದೇ ವಿಮಾನ ಅಲ್ವಾ?" ಎಂದರು ಮುದುಕರು ಚೀಲದೊಳಗೆ ಇಣುಕಿ.

"ಬತ್ತಿ ಹಚ್ಚಿದ್ದೆ ಸಾರ್."

"ಏನು?"

"ನೀವು ಕೇಳಿದ್ರಿ. ಹಚ್ಚಿದ್ದೆ." ಪೈಲಟ್ ಬಟ್ಟೆ ಬಿಡಿಸಿ ಮೋಟು ತೋರಿಸಿದರು. "ಈಗ ನಾನೊಂದು ಕೇಳ್ತೀನಿ. ಗುಂಡಿ ಮುಚ್ಚಳ ತೆಗೆದಿಟ್ಟೋರು ಯಾರು?"

ಮುದುಕರು ಮೋಟನ್ನು ನೋಡಿದರು. ಸಿಟ್ಟಾಗಲಿಲ್ಲ, ನಾಚಲೂ ಇಲ್ಲ. ಊಟವಾಯಿತೇ ಎಂದು ಕೇಳಿದವರಿಗೆ ಹೇಳುವಷ್ಟು ಸಲೀಸಾಗಿ ಹೇಳಿದರು:

"ಅದನ್ನ ಆಗ ಯಾರೂ ಕೇಳ್ಲಿಲ್ಲವಲ್ಲಪ್ಪ. ನೀನೇ ಮರೆತೆ ಅಂದ್ಯಲ್ಲ. ಆಮೇಲೆ ಯಾರು ಏನು ಕೇಳ್ತಾರೆ?"

ತಿಳಿಯಿತೇ? ತಪ್ಪು ಮಾಡಿದವರು ತಪ್ಪನ್ನು ಬಚ್ಚಿಡಬೇಕಾದ ಅಗತ್ಯವೇ ಇರುವುದಿಲ್ಲ. ತಪ್ಪು ತನ್ನದೇ ಇರಬೇಕೆಂದು ಹೆದರುವ ಮನುಷ್ಯನೊಬ್ಬ ಹತ್ತಿರದಲ್ಲಿದ್ದರೆ ಸಾಕು, ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಾನೆ. ಜನ್ಮವಿಡೀ ನೋಡಿಕೊಳ್ಳುತ್ತಾನೆ.

ಹಿಂದಿರುಗುವಾಗ ಅಂಗಡಿಸಾಲಿನ ತಿರುವಿನಲ್ಲಿ ಚರಂಡಿಯ ಕಲ್ಲುಚಪ್ಪಡಿಯೊಂದನ್ನು ಯಾರೋ ಎತ್ತಿ ಪಕ್ಕಕ್ಕೆ ಹಾಕಿದ್ದರು. ಜನ ಸುತ್ತಿಬಳಸಿ ಹೋಗುತ್ತಿದ್ದರು. ಹೆಂಡತಿಯೂ ಪೈಲಟ್ಟರ ಮೊಣಕೈ ಹಿಡಿದು ಸುತ್ತಿಸಿದರು. ಅವರು ನಿಂತುಬಿಟ್ಟರು.

"ಇದನ್ನ ತೆಗೆದಿಟ್ಟೋರು ಯಾರು?" ಎಂದು ಎದುರಿನ ಅಂಗಡಿಯವನನ್ನು ಕೇಳಿದರು.

"ಯಾರೋ ಗೊತ್ತಿಲ್ಲ ಯಜಮಾನ್ರೆ. ಮೂರು ದಿನದಿಂದ ಹಾಗೇ ಇದೆ."

"ಯಾರನ್ನ ಕೇಳಿದ್ರಿ?"

"ನಾನ್ಯಾಕೆ ಕೇಳ್ಲಿ?"

"ಹಾಗಾದ್ರೆ ಯಾರು ಕೇಳ್ಬೇಕು?"

ದನಿ ಏರಿತ್ತು. ಎರಡು ಮೂರು ಜನ ನಿಂತರು. ಮನೆಯೊಳಗೂ ದನಿಯೆತ್ತದ ಮನುಷ್ಯ ನಡುಬೀದಿಯಲ್ಲಿ ಹೋಗುವವರನ್ನೆಲ್ಲ ತಡೆದು ಕೇಳುತ್ತಿದ್ದರು, ಯಾರು ತೆಗೆದಿಟ್ಟರು, ಯಾರು ತೆಗೆದಿಟ್ಟರು ಎಂದು. ಹುಚ್ಚನೋ ಕುಡಿದವನೋ ಎಂದು ಜನ ದೂರ ಸರಿದರು. ಹೆಂಡತಿ ಗೋಣಿಚೀಲವನ್ನು ಅಂಗಡಿಯ ಕಟ್ಟೆಯ ಮೇಲೆ ಜೋಪಾನವಾಗಿಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಚಪ್ಪಡಿಯ ಒಂದು ತುದಿ ಹಿಡಿದರು.

"ಕೇಳೋದು ಆಮೇಲೆ ಕೇಳೋಣ. ಮೊದಲು ಆ ಕಡೆ ಹಿಡೀರಿ."

ಇಬ್ಬರಿಂದ ಎತ್ತಲಾಗಲಿಲ್ಲ. ಎಳೆದರು. ಅಂಗಡಿಯವನು ನೋಡುವಷ್ಟು ನೋಡಿ, ಬೈದುಕೊಳ್ಳುತ್ತಲೇ ಬಂದು ಕೈ ಹಾಕಿದ.

ಕೊನೆಗೂ ಗಂಡ ಹೆಂಡತಿ ಹಳೆ ಮನೆ ಬಿಟ್ಟರು. ವಿಳಾಸ ಹಿಡಿದು ಇನ್ನು ಬರುವಂಥದ್ದು ಏನೂ ಇರಲಿಲ್ಲ. ಸೂರಿನಲ್ಲಿದ್ದ ವಿಮಾನಗಳನ್ನು ಒಂದೊಂದಾಗಿ ಇಳಿಸಿ, ಕೇಳಿದವರಿಗೆಲ್ಲ ಕೊಟ್ಟರು. ಕೊಡುವಾಗ ಪ್ರತಿಯೊಬ್ಬರಿಗೂ ಒಂದೇ ಮಾತು: "ಹಾರಿಸೋ ಮುಂಚೆ ನೆಲ ಎಲ್ಲಾ ಒಂದ್ಸಲ ನಡೆದು ನೋಡಿ." ಹಂದರವಾದ ಆ ಒಂದನ್ನು ಮಾತ್ರ ಹೊಸ ಮನೆಯ ಸೂರಿಗೆ ಕಟ್ಟಿದ್ದಾರೆ. ಕೆಳಗೆ ಫ್ಯಾನು ತಿರುಗುತ್ತದೆ. ರಬ್ಬರು ಪುಡಿಯಾಗಿ, ಅಚ್ಚು ತುಕ್ಕು ಹಿಡಿದ ಅದರ ಪ್ರೊಪೆಲ್ಲರು ತಿರುಗುವುದಿಲ್ಲ.

ಹೊಸ ಬಡಾವಣೆಯಲ್ಲಿ ಅವರನ್ನು ಪೈಲಟ್ ಎಂದು ಯಾರೂ ಕರೆಯುವುದಿಲ್ಲ. ಯಾವ ಬೀದಿಯಲ್ಲಿ ಚರಂಡಿ ಬಾಯಿ ತೆರೆದರೂ ನಗರಸಭೆಯ ಕಚೇರಿಯ ಬಾಗಿಲಲ್ಲಿ ಇವರು ಹಾಜರು. ಅಲ್ಲಿಯ ಗುಮಾಸ್ತರು ದೂರದಿಂದಲೇ ಕಂಡು "ಮುಚ್ಚಳ ಬಂತು" ಎಂದು ಒಳಗೆ ಸರಿಯುತ್ತಾರಂತೆ. ಅವರು ಸರಿದರೂ ಇವರು ಹೋಗುವುದಿಲ್ಲ, ಬೆಂಚಿನ ಮೇಲೆ ಕೂತಿರುತ್ತಾರೆ.

ಸಂಜೆ ಗಾಳಿ ಬಿದ್ದ ಮೇಲೆ ಇಬ್ಬರೂ ತಾರಸಿಗೆ ಹೋಗುತ್ತಾರೆ. ಅವರು ಈಗ ಆಕಾಶ ನೋಡುತ್ತಾರೆ. ಅಲ್ಲಿ ಏನೂ ಇರುವುದಿಲ್ಲ. ಆದರೂ ಕಣ್ಣು ಕೆಳಗಿಳಿಸದೆ, ಕಿವಿಗೊಟ್ಟು, ಒಂದೊಂದೇ ಹೆಜ್ಜೆ ಮುಂದಿಡುತ್ತಾರೆ. ತಾರಸಿಯ ಅಂಚಿಗೆ ಮೊಳದಷ್ಟೇ ಗೋಡೆ. ಹೆಂಡತಿ ಅವರ ಅಂಗಿಯ ಹಿಂದಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಾರೆ.